ಪಥದರ್ಶಕ ಸಾಧನಗಳು ಮತ್ತು ಅಂಧ ಬಳಕೆದಾರರು

ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ಲೆಕ್ಕಹಾಕಿ, ಅದನ್ನು ನಕ್ಷೆಯೊಂದಿಗೆ ತಾಳೆ ನೋಡಿ, ಸೇರಬೇಕಾದ ಸ್ಥಳಕ್ಕೆ ದಾರಿ ಹೇಳುವ ಉಪಕರಣ ಅಥವಾ ತಂತ್ರಾಂಶವೇ ಪಥದರ್ಶಕ ಸಾಧನ. ಕಾರಿನ ಮುಂಗಾಜಿಗೆ ಅಂಟಿಸುತ್ತಿದ್ದ ಜಿಪಿಎಸ್ ಪೆಟ್ಟಿಗೆ, ಈಗ ಎಲ್ಲರ ಮೊಬೈಲಿನಲ್ಲಿರುವ ಮ್ಯಾಪ್ ಆ್ಯಪ್, ಮಣಿಕಟ್ಟಿನ ಮೇಲೆ ಕಂಪಿಸಿ ತಿರುವು ಸೂಚಿಸುವ ಸ್ಮಾರ್ಟ್‌ವಾಚ್ ಎಲ್ಲವೂ ಈ ಬಳಗದವು. ಜನಸಾಮಾನ್ಯರು ಕೊಳ್ಳುವ ಇಂಥ ಸಾಧನವನ್ನೇ ಕಣ್ಣು ಕಾಣದವರೂ ಅದೇ ಬೆಲೆಗೆ ಕೊಂಡು, ಪಕ್ಕದವರನ್ನು ಕೇಳದೆ ಬಳಸುವಂತೆ ಮಾಡುವ ಪ್ರಯತ್ನಕ್ಕೆ ಸುಮಾರು ನಾಲ್ಕು ದಶಕಗಳ ಚರಿತ್ರೆ ಇದೆ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 4.3 ಕೋಟಿ ಅಂಧರಿದ್ದಾರೆ. ಭಾರತದ 2011ರ ಜನಗಣತಿ ದೃಷ್ಟಿ ಸಂಬಂಧಿ ಅಂಗವೈಕಲ್ಯ ಉಳ್ಳವರನ್ನು 50 ಲಕ್ಷಕ್ಕೂ ಹೆಚ್ಚು ಎಂದು ಎಣಿಸಿದೆ.

ಕಾರಿಗೆಂದು ಬಂದ ಜಿಪಿಎಸ್ ಪೆಟ್ಟಿಗೆಗಳು ಮಾತಾಡುತ್ತಿದ್ದವು. ಚಾಲಕನ ಕಣ್ಣು ರಸ್ತೆಯ ಮೇಲಿರಬೇಕಾದ್ದರಿಂದ ‘ಮುನ್ನೂರು ಮೀಟರ್ ಮುಂದೆ ಬಲಕ್ಕೆ ತಿರುಗಿ’ ಎನ್ನುವ ಧ್ವನಿ ಅವಕ್ಕೆ ಅಗತ್ಯವಾಗಿತ್ತು. 2004ರ ಟಾಮ್‌ಟಾಮ್ ಗೋ, 2005ರ ಗಾರ್ಮಿನ್ ನುವಿ ಮೊದಲಾದವು ಯುರೋಪ್, ಅಮೆರಿಕಗಳಲ್ಲಿ ಲಕ್ಷಗಟ್ಟಲೆ ಮಾರಾಟವಾದವು. ಅವುಗಳಲ್ಲಿ ಊರಿನ ಹೆಸರು ತುಂಬುವುದು, ಪಟ್ಟಿಯಿಂದ ರಸ್ತೆ ಆರಿಸುವುದು, ದಾರಿ ಬದಲಿಸುವುದು ಎಲ್ಲವೂ ನುಣುಪಾದ ಗಾಜಿನ ಮೇಲೆ, ಸದ್ದಿಲ್ಲದೆ ನಡೆಯುತ್ತಿದ್ದವು. ಬೇರೆ ಯಾರಾದರೂ ವಿಳಾಸ ತುಂಬಿಕೊಟ್ಟರೆ ಅಂಧರು ಆ ಪೆಟ್ಟಿಗೆಯ ಮಾತು ಕೇಳಿಕೊಂಡು ಹೋಗಬಹುದಿತ್ತು. ಅವರೇ ವಿಳಾಸ ತುಂಬುವಂತಿರಲಿಲ್ಲ. ಸ್ಪೀಕರ್ ಇತ್ತು, ಮಾತಾಡುವ ತಂತ್ರಾಂಶವೂ ಒಳಗಿತ್ತು, ಪರದೆಯ ಮೇಲಿನ ಪಟ್ಟಿಯನ್ನು ಓದಿ ಹೇಳುವ ಏರ್ಪಾಡು ಮಾತ್ರ ಇರಲಿಲ್ಲ. ಆದ್ದರಿಂದ ಅಂಧರು ಹೊರಗುಳಿದದ್ದಕ್ಕೆ ತಂತ್ರಜ್ಞಾನದ ಮಿತಿಗಿಂತ ತಯಾರಕರ ಅಲಕ್ಷ್ಯವೇ ಹೆಚ್ಚು ಕಾರಣ ಎನ್ನಬೇಕು.

ನಡೆಯುವವರಿಗೆ ಬೇಕಾದ ಮಾಹಿತಿ

ಪಟ್ಟಿಯನ್ನು ಓದಿಸಿಬಿಟ್ಟರೆ ಕೆಲಸ ಮುಗಿಯಿತೇ ಎಂದರೆ ಇಲ್ಲ. ಈ ವಿಷಯದ ತಿರುಳು ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ನೋಡಬೇಕು.

ಬಿಳಿಕೋಲು ಮುಂದಿನ ಒಂದೆರಡು ಹೆಜ್ಜೆಯ ನೆಲವನ್ನು ತಿಳಿಸುತ್ತದೆ. ಉದ್ದನೆಯ ಕೋಲನ್ನು ಹೆಜ್ಜೆಗೆ ತಕ್ಕಂತೆ ಎಡಬಲಕ್ಕೆ ಆಡಿಸುತ್ತ ನಡೆಯುವ ಕ್ರಮವನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ, ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ಸೇನಾ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ಹೂವರ್ ರೂಪಿಸಿದರು. ಗುಂಡಿ, ಮೆಟ್ಟಿಲು, ಕಂಬ, ಅಡ್ಡ ನಿಲ್ಲಿಸಿದ ಸ್ಕೂಟರ್ ಇವೆಲ್ಲ ಕೋಲಿಗೆ ತಿಳಿಯುತ್ತವೆ. ತರಬೇತಿ ಪಡೆದ ನಾಯಿಯೂ ಇವುಗಳಿಂದ ಪಾರು ಮಾಡುತ್ತದೆ. ಆದರೆ ಈಗ ಯಾವ ರಸ್ತೆಯಲ್ಲಿದ್ದೇನೆ, ಮುಖ ಯಾವ ದಿಕ್ಕಿಗಿದೆ, ಬರುವ ಕ್ರಾಸ್ ಯಾವುದು, ದಾಟಿಬಂದ ಅಂಗಡಿ ಯಾವುದು ಎಂಬುದನ್ನು ಕೋಲೂ ಹೇಳದು, ನಾಯಿಯೂ ಹೇಳದು. ಕಣ್ಣಿರುವವರು ಒಂದು ಬೋರ್ಡು ನೋಡಿ ಅರ್ಧ ಕ್ಷಣದಲ್ಲಿ ತಿಳಿಯುವ ಸಂಗತಿಗಳಿವು. ತರಬೇತಿ ಕೇಂದ್ರಗಳಲ್ಲಿ ಇವೆರಡನ್ನೂ ಬೇರೆಬೇರೆ ಕಲಿಸುತ್ತಾರೆ. ಒಂದು ಅಡ್ಡಿ ತಪ್ಪಿಸಿ ನಡೆಯುವುದು, ಇನ್ನೊಂದು ತಾನಿರುವ ನೆಲೆ ಅರಿಯುವುದು. ಪಥದರ್ಶಕ ನೆರವಾಗುವುದು ಎರಡನೆಯದಕ್ಕೆ ಮಾತ್ರ. ಜಿಪಿಎಸ್ ಕೈಗೆ ಬಂದಿತೆಂದು ಕೋಲು ಮನೆಯಲ್ಲಿ ಬಿಡುವಂತಿಲ್ಲ.

ಇನ್ನು ಚಾಲಕನಿಗೆ ಕೊಡುವ ಸೂಚನೆಯೇ ನಡೆಯುವ ಅಂಧರಿಗೆ ಸಾಕಾಗುವುದಿಲ್ಲ. ‘ಬಲಕ್ಕೆ ತಿರುಗಿ’ ಎಂದಾಗ ಚಾಲಕ ತಿರುವನ್ನು ಕಣ್ಣಿಂದ ಹುಡುಕಿಕೊಳ್ಳುತ್ತಾನೆ. ನಡೆಯುವವರಿಗೆ ಮೊದಲು ತಾವು ರಸ್ತೆಯ ಯಾವ ಬದಿಯಲ್ಲಿದ್ದೇವೆ ಎಂಬುದು ಗೊತ್ತಿರಬೇಕು. ಬಲಕ್ಕೆ ತಿರುಗುವ ಮುನ್ನ ರಸ್ತೆ ದಾಟಬೇಕೇ, ದಾಟುವಲ್ಲಿ ಸಿಗ್ನಲ್ ಇದೆಯೇ, ಅಲ್ಲಿ ಕೂಡುವುದು ಮೂರು ರಸ್ತೆಯೇ ಐದೇ, ನಡುವೆ ಡಿವೈಡರ್ ಇದೆಯೇ ಎಂಬುದೂ ಬೇಕು. ನಿಂತಲ್ಲಿ ನಿಂತಾಗ ಇನ್ನೊಂದು ತೊಡಕು. ಉಪಗ್ರಹ ಸಂಕೇತ ಒಂದರಿಂದಲೇ ಮುಖ ಯಾವ ಕಡೆಗಿದೆ ಎಂದು ತಿಳಿಯದು. ನಾಲ್ಕು ಹೆಜ್ಜೆ ನಡೆದ ಮೇಲೆ, ಸ್ಥಾನ ಬದಲಾದ ರೀತಿಯಿಂದ ಸಾಧನ ದಿಕ್ಕನ್ನು ಊಹಿಸುತ್ತದೆ. ಆ ನಾಲ್ಕು ಹೆಜ್ಜೆ ತಪ್ಪು ದಿಕ್ಕಿಗೆ, ನಡುರಸ್ತೆಗೆ ಬಿದ್ದರೆ ಅಪಾಯ. ಒಳಗೇ ದಿಕ್ಸೂಚಿ ಇರುವ ಫೋನು ಬಂದ ಮೇಲೆ ಈ ತೊಡಕು ಕಡಿಮೆಯಾಯಿತು. ಅಂಧರಿಗೆಂದೇ ಮಾಡಿದ ತಂತ್ರಾಂಶಗಳು ದಿಕ್ಕನ್ನು ಗಡಿಯಾರದ ಮುಳ್ಳಿನಂತೆ ಹೇಳುವುದು ರೂಢಿ: ‘ಬಸ್ ಸ್ಟಾಪ್ ಎರಡು ಗಂಟೆಯ ದಿಕ್ಕಿನಲ್ಲಿ, 40 ಮೀಟರ್’. ‘ಉತ್ತರಕ್ಕೆ ಹೊರಡಿ’ ಎನ್ನುವುದಕ್ಕಿಂತ ಇದು ಎಷ್ಟೋ ಸ್ಪಷ್ಟ.

ಬೇರೆಯವರು ಕೇಳದಿದ್ದರೂ ಅಂಧರು ಕೇಳುವ ಇನ್ನೊಂದು ಸೌಲಭ್ಯವಿದೆ. ದಾರಿ ಕೇಳದೆ ಸುಮ್ಮನೆ ನಡೆಯುತ್ತಿರುವಾಗಲೂ ಸುತ್ತ ಏನಿದೆ ಎಂದು ಸಾಧನ ಹೇಳುತ್ತಿರಬೇಕು. ಬಲಗಡೆ ಔಷಧಿ ಅಂಗಡಿ, ಎಡಗಡೆ ಅಂಚೆ ಕಚೇರಿ, ಮುಂದೆ ನಾಲ್ಕನೇ ಕ್ರಾಸ್. ಊರಿನ ಪರಿಚಯ ಬೆಳೆಯುವುದು ಹೀಗೆಯೇ. ಕಣ್ಣು ಕಾಣುವವರಿಗೆ ಇದು ಬರಿಯ ಗದ್ದಲವೆನಿಸಬಹುದು. ಅಂಧರ ಪಾಲಿಗೆ ಅದು ಬೀದಿಯಲ್ಲಿ ಹಾಯುವ ನೋಟ.

ಅಂಧರಿಗೆಂದೇ ಹುಟ್ಟಿದ ಸಾಧನಗಳು

ಈ ಆಲೋಚನೆಗೆ ಮೊದಲ ವೈಜ್ಞಾನಿಕ ರೂಪ ಸಿಕ್ಕಿದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರದ ಮನೋವಿಜ್ಞಾನಿ ಜ್ಯಾಕ್ ಲೂಮಿಸ್ 1985ರಲ್ಲಿ ಉಪಗ್ರಹಗಳ ನೆರವಿನಿಂದ ಅಂಧರಿಗೆ ದಾರಿ ತೋರುವ ವ್ಯವಸ್ಥೆಯ ರೂಪುರೇಷೆ ಸಿದ್ಧಪಡಿಸಿದರು. ಜಿಪಿಎಸ್ ಜಾಲ ಆಗಿನ್ನೂ ಪೂರ್ಣಗೊಂಡಿರಲಿಲ್ಲ. ಅದು ಪೂರ್ಣ ಬಳಕೆಗೆ ಬಂದದ್ದು 1995ರಲ್ಲಿ. ಅದೇ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ರೆಜಿನಾಲ್ಡ್ ಗಾಲೆಜ್ ಈ ಕೆಲಸಕ್ಕೆ ಜೊತೆಯಾದರು. ಮನುಷ್ಯರು ಮನಸ್ಸಿನಲ್ಲಿ ಊರಿನ ನಕ್ಷೆಯನ್ನು ಹೇಗೆ ಕಟ್ಟಿಕೊಳ್ಳುತ್ತಾರೆ ಎಂಬುದು ಅವರ ಅಧ್ಯಯನದ ವಿಷಯವಾಗಿತ್ತು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಈ ವಿದ್ವಾಂಸ 1984ರಲ್ಲಿ ದೃಷ್ಟಿ ಕಳೆದುಕೊಂಡಿದ್ದರು. ಆ ಮೇಲೂ 2009ರಲ್ಲಿ ತೀರಿಕೊಳ್ಳುವವರೆಗೆ ಸಂಶೋಧನೆ ಬಿಡಲಿಲ್ಲ. ಮನೋವಿಜ್ಞಾನಿ ರಾಬರ್ಟಾ ಕ್ಲಾಟ್ಸ್‌ಕಿ ಈ ತಂಡದ ಮೂರನೆಯ ಪ್ರಮುಖರು. ಅವರ ಪ್ರಯೋಗದಲ್ಲಿ ಬೆನ್ನಿಗೆ ಹೊತ್ತ ಭಾರದ ಚೀಲದಲ್ಲಿ ಕಂಪ್ಯೂಟರ್, ರಿಸೀವರ್; ಕಿವಿಗೆ ಹೆಡ್‌ಫೋನ್. ಸೇರಬೇಕಾದ ಕಟ್ಟಡ ಬಲಗಡೆ ಇದ್ದರೆ ಅದರ ಹೆಸರು ಬಲಗಡೆಯಿಂದಲೇ, ಆ ಕಟ್ಟಡವೇ ಕೂಗಿ ಕರೆದಂತೆ ಕೇಳಿಸುತ್ತಿತ್ತು. ಎಡ, ಬಲ ಎಂಬ ಮಾತೇ ಬೇಕಿರಲಿಲ್ಲ. ಈ ಸೊಗಸಾದ ಕಲ್ಪನೆ ಜನರ ಜೇಬಿಗೆ ಬರಲು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1990ರ ದಶಕದಲ್ಲಿ, ಜಿಮ್ ಫ್ರುಕ್ಟರ್‌ಮನ್ ಸ್ಥಾಪಿಸಿದ್ದ ಆರ್ಕೆನ್‌ಸ್ಟೋನ್ ಎಂಬ ಲಾಭರಹಿತ ಸಂಸ್ಥೆ ಮಾತಾಡುವ ನಕ್ಷೆಯನ್ನೂ ‘ಸ್ಟ್ರೈಡರ್’ ಎಂಬ ಲ್ಯಾಪ್‌ಟಾಪ್ ಪಥದರ್ಶಕವನ್ನೂ ರೂಪಿಸಿತು. ಅಲ್ಲಿ ಕೆಲಸ ಮಾಡಿದ, ಮೂರನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡಿದ್ದ ಮೈಕ್ ಮೇ ಮುಂದೆ ಸೆಂಡೆರೊ ಗ್ರೂಪ್ ಎಂಬ ಕಂಪನಿ ಕಟ್ಟಿದರು. ಅವರಿಗೆ ಕಾಲವೂ ಕೂಡಿ ಬಂತು. ಅಲ್ಲಿಯವರೆಗೆ ಅಮೆರಿಕದ ಸೇನೆ ಸಾರ್ವಜನಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಸ್ಥಾನ ನೂರು ಮೀಟರಿನಷ್ಟು ತಪ್ಪಬಹುದಿತ್ತು, ನಡೆದು ಹೋಗುವವರಿಗೆ ಅದರಿಂದ ಉಪಯೋಗವಿರಲಿಲ್ಲ. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದ ಮೇರೆಗೆ ಆ ದೋಷವನ್ನು ನಿಲ್ಲಿಸಿದರು. ಲೋಕದ ಎಲ್ಲ ಜಿಪಿಎಸ್ ಸಾಧನಗಳೂ ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರಿನೊಳಗೆ ನಿಖರವಾದವು. ಅದೇ ವರ್ಷ ಸೆಂಡೆರೊದ ಜಿಪಿಎಸ್-ಟಾಕ್, 2002ರಲ್ಲಿ ಬ್ರೈಲ್‌ನೋಟ್ ಜಿಪಿಎಸ್, 2003ರಲ್ಲಿ ಕೆನಡಾದ ವಿಶುಯೇಡ್ ಕಂಪನಿಯ ಟ್ರೆಕ್ಕರ್ ಬಂದವು. 2008ರ ಟ್ರೆಕ್ಕರ್ ಬ್ರೀಜ್ ಒಂದೇ ಕೈಯಲ್ಲಿ ಹಿಡಿಯುವ, ಪರದೆಯೇ ಇಲ್ಲದ, ಬೆರಳಿಗೆ ತಿಳಿಯುವ ಗುಂಡಿಗಳ ಸಾಧನ. ಇನ್ನೊಂದು ಕೈ ಕೋಲಿಗೆ ಬಿಡುವಾಗಿರುತ್ತಿತ್ತು.

ಇವು ಒಳ್ಳೆಯ ಸಾಧನಗಳೇ. ಅಂಧರ ಅಗತ್ಯ ಬಲ್ಲವರು, ಹಲವೆಡೆ ಅಂಧರೇ, ಮಾಡಿದವು. ಬೆಲೆ ಮಾತ್ರ ಕೈಗೆಟುಕುತ್ತಿರಲಿಲ್ಲ. ಕೊಳ್ಳುವವರು ಸಾವಿರ ಲೆಕ್ಕದಲ್ಲಿರುವಾಗ ಒಂದೊಂದು ಸಾಧನದ ಮೇಲೂ ಸಂಶೋಧನೆಯ ಪೂರ್ಣ ಖರ್ಚು ಬೀಳುತ್ತದೆ. ಬ್ರೈಲ್‌ನೋಟ್‌ನಂಥ, ಬ್ರೈಲ್ ಸಾಲು ಇರುವ ಟಿಪ್ಪಣಿ ಯಂತ್ರಗಳಿಗೆ ಸಾವಿರಾರು ಡಾಲರ್ ತೆರಬೇಕಿತ್ತು. ನಕ್ಷೆಗೆ ಬೇರೆ ದುಡ್ಡು, ನಕ್ಷೆ ಇದ್ದದ್ದೂ ಶ್ರೀಮಂತ ದೇಶಗಳದ್ದು. ಸರ್ಕಾರವೋ ವಿಮೆಯೋ ಖರ್ಚು ಕೊಡುವ ದೇಶಗಳಲ್ಲಿ ಇವು ಹರಡಿದವು. ಭಾರತದಂಥ ಕಡೆ ಇವುಗಳ ಹೆಸರು ಕೇಳಿದವರೇ ಕಡಿಮೆ.

ಜನಸಾಮಾನ್ಯರ ಸಾಧನದತ್ತ

ಮುಖ್ಯ ಮಾರುಕಟ್ಟೆಯ ಸಾಧನವನ್ನೇ ಬಳಸುವ ದಾರಿ ತೆರೆದದ್ದು ನೋಕಿಯಾ ಫೋನುಗಳಿಂದ. ಸಿಂಬಿಯನ್ ಕಾರ್ಯಾಚರಣಾ ವ್ಯವಸ್ಥೆಯ ಆ ಫೋನುಗಳಿಗೆ ಟಾಕ್ಸ್, ಮೊಬೈಲ್ ಸ್ಪೀಕ್ ಎಂಬ ಪರದೆ ಓದುವ ತಂತ್ರಾಂಶಗಳನ್ನು ಬೇರೆ ಕಂಪನಿಗಳು ಮಾರುತ್ತಿದ್ದವು. ಅವುಗಳೊಂದಿಗೆ ನಡೆಯುವಂತೆ ಸ್ವೀಡನ್ನಿನ ವೇಫೈಂಡರ್ ಕಂಪನಿ ತನ್ನ ಸಾಮಾನ್ಯ ಪಥದರ್ಶಕವನ್ನೇ ತಿದ್ದಿ ವೇಫೈಂಡರ್ ಆ್ಯಕ್ಸೆಸ್ ಎಂದು ಕೊಟ್ಟಿತು. ಅದೇ ಕಾಲದಲ್ಲಿ ಕೆನಡಾದ ವ್ಯಾಂಕೂವರಿನ ಅಂಧ ಪ್ರೋಗ್ರಾಮರ್‌ಗಳು ಲೋಡ್‌ಸ್ಟೋನ್ ಎಂಬ ಉಚಿತ, ಮುಕ್ತ ತಂತ್ರಾಂಶ ಬರೆದರು. ಅದರ ವೈಶಿಷ್ಟ್ಯ ನಕ್ಷೆಯಿಲ್ಲದೆಯೂ ನಡೆಯುವುದು. ಬಳಕೆದಾರರು ತಾವು ನಿಂತ ಜಾಗಕ್ಕೆ ತಾವೇ ಹೆಸರು ಕೊಟ್ಟು ಉಳಿಸಿಕೊಳ್ಳುತ್ತಿದ್ದರು, ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಪಡೆಯುತ್ತಿದ್ದರು. ನಕ್ಷೆ ಇಲ್ಲದ ಊರಿನವರಿಗೂ ಇದರಿಂದ ಉಪಕಾರವಾಯಿತು.

ಫ್ರಾನ್ಸಿನ ಕಾಪ್ಸಿಸ್ ಕಂಪನಿಯ ಕಾಪ್ಟೆನ್ ಇಲ್ಲಿ ಹೇಳಲೇಬೇಕಾದ ಪ್ರಸಂಗ. ಪಾದಚಾರಿಗಳಿಗೆ, ಸೈಕಲ್ ಸವಾರರಿಗೆ ಎಂದು ಮಾಡಿದ, ಪರದೆಯಿಲ್ಲದ, ಮಾತು ಕೇಳಿ ಮಾತಿನಲ್ಲೇ ಉತ್ತರಿಸುವ ಪುಟ್ಟ ಸಾಧನವದು. ಸಾಮಾನ್ಯ ಗಿರಾಕಿಗಳಿಗಿಂತ ಅಂಧರೇ ಅದನ್ನು ಹೆಚ್ಚು ಮೆಚ್ಚಿದರು, ಮುಂದೆ ಕಂಪನಿ ಅವರಿಗೆಂದೇ ಅದರ ಇನ್ನೊಂದು ರೂಪ ತಂದಿತು. ಎಲ್ಲರಿಗೂ ಎಂದು ಚೆನ್ನಾಗಿ ಮಾಡಿದ ವಸ್ತು ಅಂಧರಿಗೂ ಒದಗುತ್ತದೆ ಎಂಬುದಕ್ಕೆ ಇಷ್ಟು ನೇರ ಉದಾಹರಣೆ ಅಪರೂಪ.

ಆದರೆ ಮುಖ್ಯ ಮಾರುಕಟ್ಟೆಯನ್ನು ನಂಬಿದರೆ ಅದರ ಏರಿಳಿತಕ್ಕೂ ತಲೆಕೊಡಬೇಕು. 2009ರ ಅಕ್ಟೋಬರಿನಲ್ಲಿ ಗೂಗಲ್, 2010ರ ಜನವರಿಯಲ್ಲಿ ನೋಕಿಯಾ ತಿರುವು ಹೇಳುವ ಸೇವೆಯನ್ನು ಉಚಿತ ಮಾಡಿದವು. ವೇಫೈಂಡರನ್ನು ಕೊಂಡಿದ್ದ ವೊಡಾಫೋನ್ 2010ರಲ್ಲಿ ಅದನ್ನು ಮುಚ್ಚಿತು. ಎಲ್ಲರಿಗೂ ಲಾಭವಾದ ಸ್ಪರ್ಧೆಯಲ್ಲಿ ಅಂಧರು ತಮ್ಮ ಸಾಧನ ಕಳೆದುಕೊಂಡರು.

ಸ್ಪರ್ಶಪರದೆ ಮಾತಾಡಿದ್ದು

2007ರಲ್ಲಿ ಐಫೋನ್ ಬಂದಾಗ ಅಂಧರಲ್ಲಿ ಮೂಡಿದ್ದು ಆತಂಕ. ಗುಂಡಿಗಳಿರುವ ಫೋನಿನಲ್ಲಿ ಬೆರಳಿಗೆ ಐದರ ಮೇಲಿನ ಚುಕ್ಕೆಯಾದರೂ ಸಿಗುತ್ತಿತ್ತು. ಇಲ್ಲಿ ಬರಿಯ ಗಾಜು, ಮುಟ್ಟಿದರೆ ಏನೋ ಒಂದು ತೆರೆದುಕೊಳ್ಳುತ್ತದೆ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರಾದ ಶಾನ್ ಕೇನ್, ಜೆಫ್ರಿ ಬಿಗಮ್, ಜೇಕಬ್ ವಾಬ್ರಾಕ್ ‘ಸ್ಲೈಡ್ ರೂಲ್’ ಎಂಬ ಪ್ರಯೋಗದಲ್ಲಿ ಬೇರೊಂದು ದಾರಿ ತೋರಿಸಿದರು. ಬೆರಳು ಮುಟ್ಟಿದ್ದನ್ನು ತೆರೆಯದೆ ಹೆಸರು ಓದಿ ಹೇಳುವುದು, ಬೇಕಾದ್ದು ಸಿಕ್ಕಿದ ಮೇಲೆ ಮತ್ತೊಂದು ಸ್ಪರ್ಶದಿಂದ ತೆರೆಯುವುದು. 2009ರ ಜೂನ್‌ನಲ್ಲಿ ಐಫೋನ್ 3ಜಿಎಸ್ ವಾಯ್ಸ್‌ಓವರ್ ಎಂಬ ಪರದೆ ಓದುಗದೊಂದಿಗೆ ಬಂತು. ಬೇರೆ ದುಡ್ಡಿಲ್ಲ, ಫೋನಿನೊಳಗೇ ಮಾತು. ಐಫೋನಿನಲ್ಲಿ ದಿಕ್ಸೂಚಿ ಮೊದಲು ಬಂದದ್ದೂ ಅದರಲ್ಲೇ. ಅಂಧರ ಪಾಲಿಗೆ ಒಂದೇ ಫೋನಿನಲ್ಲಿ ಎರಡೂ ಕೂಡಿಬಂದದ್ದು ದೊಡ್ಡ ಸಂಗತಿ.

ಅದೇ ವರ್ಷ ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಎಂಬ ಪರದೆ ಓದುಗ ಬಂತು. ಅದರ ಹಿಂದೆ ಗೂಗಲ್‌ನ ಟಿ.ವಿ. ರಾಮನ್, ಚಾರ್ಲ್ಸ್ ಚೆನ್ ಮೊದಲಾದವರ ತಂಡವಿತ್ತು. ಪುಣೆಯಲ್ಲಿ ಬೆಳೆದ ರಾಮನ್ ಹದಿನಾಲ್ಕನೇ ವಯಸ್ಸಿನಲ್ಲಿ ಗ್ಲಾಕೋಮದಿಂದ ದೃಷ್ಟಿ ಕಳೆದುಕೊಂಡು, ಮುಂಬಯಿಯ ಐಐಟಿಯಲ್ಲಿಯೂ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿಯೂ ಓದಿದವರು. ಈ ತಂಡ 2010ರಲ್ಲಿ ವಾಕಿಟಾಕಿ, ಇಂಟರ್‌ಸೆಕ್ಷನ್ ಎಕ್ಸ್‌ಪ್ಲೋರರ್ ಎಂಬ ಎರಡು ಆ್ಯಪ್‌ಗಳನ್ನು ಉಚಿತವಾಗಿ ಕೊಟ್ಟಿತು. ಎರಡನೆಯದರ ಕೆಲಸ ಮನಮುಟ್ಟುವಂಥದ್ದು. ಮನೆಯಲ್ಲಿ ಕುಳಿತು ಒಂದು ವೃತ್ತವನ್ನು ಆರಿಸಿ ಗಾಜಿನ ಮೇಲೆ ಬೆರಳನ್ನು ಸುತ್ತ ಎಳೆದರೆ, ಯಾವ ದಿಕ್ಕಿಗೆ ಯಾವ ರಸ್ತೆ ಹೊರಡುತ್ತದೆ ಎಂದು ಫೋನು ಹೇಳುತ್ತಿತ್ತು. ಆ ರಸ್ತೆಯ ಕಡೆ ಬೆರಳು ಜಾರಿಸಿದರೆ ಮುಂದಿನ ವೃತ್ತ. ಹೊರಗೆ ಕಾಲಿಡುವ ಮೊದಲೇ ಬಡಾವಣೆಯನ್ನು ಬೆರಳಿನಿಂದ ಸುತ್ತಿಬರಬಹುದಿತ್ತು.

ಫಿನ್‌ಲೆಂಡಿನ ಇಲ್ಕ ಪಿರ್ತ್ತಿಮಾ 2012ರಲ್ಲಿ ತಂದ ಬ್ಲೈಂಡ್‌ಸ್ಕ್ವೇರ್ ಆ್ಯಪ್, ಫೋರ್‌ಸ್ಕ್ವೇರ್ ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್ ಜಾಲತಾಣಗಳ ಮಾಹಿತಿಯಿಂದ ಸುತ್ತಲಿನ ಅಂಗಡಿ, ಕ್ರಾಸ್‌ಗಳನ್ನು ಹೇಳುತ್ತದೆ. 2018ರಲ್ಲಿ ಮೈಕ್ರೋಸಾಫ್ಟ್ ಸೌಂಡ್‌ಸ್ಕೇಪ್ ಎಂಬ ಆ್ಯಪ್ ಬಿಡುಗಡೆ ಮಾಡಿತು. ಇದರಲ್ಲಿ ಸೇರಬೇಕಾದ ಜಾಗದಿಂದ ಒಂದು ತಾಳದ ಸದ್ದು ಬರುತ್ತಿರುವಂತೆ ಹೆಡ್‌ಫೋನಿನಲ್ಲಿ ಕೇಳಿಸುತ್ತಿತ್ತು. ಮುಖ ನೇರ ಅತ್ತ ತಿರುಗಿದಾಗ ಸದ್ದಿನ ಬಗೆ ಬದಲಾಗಿ ದಿಕ್ಕು ಸರಿಯಾಗಿದೆಯೆಂದು ತಿಳಿಸುತ್ತಿತ್ತು. ಲೂಮಿಸ್ ಮತ್ತು ಗಾಲೆಜ್ ಬೆನ್ನಿಗೆ ಹೊತ್ತು ಪರೀಕ್ಷಿಸಿದ್ದು ಈಗ ಫೋನಿನಲ್ಲಿ ಬಂದಿತ್ತು. ಕಿವಿ ಮುಚ್ಚದೆ ಕೆನ್ನೆಯ ಮೂಳೆಯ ಮೂಲಕ ಶಬ್ದ ಮುಟ್ಟಿಸುವ ಹೆಡ್‌ಫೋನ್ ಇದ್ದರೆ ಬೀದಿಯ ವಾಹನಗಳ ಸದ್ದೂ ಕೇಳುತ್ತದೆ. ಅಂಧರಿಗೆ ವಾಹನದ ಸದ್ದೇ ಸಿಗ್ನಲ್, ಅದನ್ನು ಮುಚ್ಚುವ ಯಾವ ಸಾಧನವೂ ಅಪಾಯಕಾರಿ. ಸೌಂಡ್‌ಸ್ಕೇಪನ್ನು ಮೈಕ್ರೋಸಾಫ್ಟ್ 2023ರಲ್ಲಿ ನಿಲ್ಲಿಸಿತು. ಅದರ ಮೂಲ ಸಂಕೇತವನ್ನು ಮುಕ್ತವಾಗಿ ಬಿಟ್ಟುಕೊಟ್ಟಿತು. ಆ ಸಂಕೇತವನ್ನು ಹಿಡಿದು ಸ್ವಯಂಸೇವಕರು ವಾಯ್ಸ್‌ವಿಸ್ಟಾ ಮುಂತಾದ ಆ್ಯಪ್‌ಗಳನ್ನು ನಡೆಸುತ್ತಿದ್ದಾರೆ. ದೊಡ್ಡ ಕಂಪನಿ ಕೈಬಿಡುವಾಗ ಕನಿಷ್ಠ ಇಷ್ಟನ್ನಾದರೂ ಮಾಡಬೇಕು ಎಂಬುದಕ್ಕೆ ಇದು ಮಾದರಿ.

ಎಲ್ಲರೂ ಬಳಸುವ ಗೂಗಲ್ ಮ್ಯಾಪ್ಸ್‌ಗೆ ಅಂಧರಿಗೆಂದು ವಿವರವಾದ ಧ್ವನಿ ಸೂಚನೆ ಸೇರಿದ್ದು 2019ರ ಅಕ್ಟೋಬರಿನಲ್ಲಿ, ವಿಶ್ವ ದೃಷ್ಟಿ ದಿನದಂದು. ಸರಿಯಾದ ದಾರಿಯಲ್ಲಿದ್ದೀರಿ ಎಂದು ಆಗಾಗ ಹೇಳುವುದು, ದೊಡ್ಡ ರಸ್ತೆ ದಾಟುವ ಮುನ್ನ ಎಚ್ಚರಿಸುವುದು, ದಾರಿ ತಪ್ಪಿದರೆ ತಿಳಿಸುವುದು ಅದರ ಕೆಲಸ. ಆರಂಭದಲ್ಲಿ ಅದು ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ, ಜಪಾನಿನಲ್ಲಿ ಜಪಾನಿ ಭಾಷೆಯಲ್ಲಿ ಮಾತ್ರ ಸಿಕ್ಕಿತು.

ಪರದೆ ಓದುಗ ಇದ್ದ ಮಾತ್ರಕ್ಕೆ ಎಲ್ಲ ಆ್ಯಪ್ ತಾನಾಗಿ ಓದಿಸಿಕೊಳ್ಳುವುದಿಲ್ಲ. ಆ್ಯಪ್ ಬರೆಯುವವರು ಪ್ರತಿ ಚಿತ್ರಗುಂಡಿಗೂ ಒಂದು ಹೆಸರು ಬರೆದಿಡಬೇಕು. ಬರೆಯದಿದ್ದರೆ ಬೆರಳು ಇಟ್ಟಲ್ಲೆಲ್ಲ ‘ಬಟನ್’, ‘ಬಟನ್’, ‘ಹೆಸರಿಲ್ಲದ ಬಟನ್’ ಎಂಬ ಮಾತೇ ಕೇಳುತ್ತದೆ. ಯಾವುದು ಹುಡುಕುವುದು, ಯಾವುದು ಹಿಂದಕ್ಕೆ, ಯಾವುದು ಆಟೊ ಕರೆಯುವುದು ತಿಳಿಯದು. ಒಂದು ಗುಂಡಿಗೆ ಹೆಸರು ಬರೆಯುವುದು ಒಂದೇ ಸಾಲಿನ ಕೆಲಸ. ಹಿಂದಿನ ವಾರ ಓದುತ್ತಿದ್ದ ಆ್ಯಪ್ ಹೊಸ ಅಪ್‌ಡೇಟ್ ಬಂದ ಮೇಲೆ ಮೂಕವಾಗುವುದೂ ಉಂಟು. ಅಂಧರ ದೂರುಗಳಲ್ಲಿ ಇದಕ್ಕೆ ದೊಡ್ಡ ಸ್ಥಾನ. ಬಿಡುಗಡೆಗೆ ಮುನ್ನ ಅಂಧರಿಂದ ಪರೀಕ್ಷೆ ಮಾಡಿಸುವುದನ್ನು ನಿಯಮವಾಗಿಸಿಕೊಂಡರೆ ಈ ದೂರಿಗೆ ಅವಕಾಶವೇ ಇರದು.

ನಕ್ಷೆ ಮತ್ತು ಕೊನೆಯ ಹತ್ತು ಮೀಟರ್

ತೆರೆದ ಆಕಾಶದಡಿ ಸ್ಮಾರ್ಟ್‌ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನೊಳಗೆ ಸ್ಥಾನ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಪ್ರತಿಫಲಿಸಿ ತಪ್ಪು ಹೆಚ್ಚುತ್ತದೆ. ಕಾರಿನವರಿಗೆ ಐದು ಮೀಟರ್ ಲೆಕ್ಕಕ್ಕಿಲ್ಲ, ತಂತ್ರಾಂಶ ಕಾರನ್ನು ರಸ್ತೆಯ ಗೆರೆಯ ಮೇಲೆ ಕೂರಿಸಿಬಿಡುತ್ತದೆ. ನಡೆಯುವ ಅಂಧರಿಗೆ ಐದು ಮೀಟರ್ ಎಂದರೆ ಫುಟ್‌ಪಾತಿಗೂ ಬಸ್ಸು ಓಡುವ ರಸ್ತೆಗೂ ಇರುವ ವ್ಯತ್ಯಾಸ. ‘ನೀವು ತಲುಪಿದ್ದೀರಿ’ ಎಂದು ಹೇಳಿ ಆ್ಯಪ್ ಸುಮ್ಮನಾಗುತ್ತದೆ. ಬ್ಯಾಂಕು ಎದುರು ಬದಿಯಲ್ಲಿದೆ, ಅಥವಾ ಇದೇ ಬದಿಯಲ್ಲಿದ್ದರೂ ಅದರ ಬಾಗಿಲು ಪಕ್ಕದ ಕ್ರಾಸಿನಲ್ಲಿದೆ. ಅಲ್ಲಿಂದ ಮುಂದೆ ಗೋಡೆ ತಡವಬೇಕು, ಇಲ್ಲವೇ ಯಾರನ್ನಾದರೂ ಕೇಳಬೇಕು.

ಎರಡು ತರಂಗಾಂತರಗಳಲ್ಲಿ ಸಂಕೇತ ಪಡೆಯುವ ಫೋನುಗಳು 2018ರಿಂದ ಬರುತ್ತಿವೆ, ಅವುಗಳಲ್ಲಿ ಪ್ರತಿಫಲನದ ದೋಷ ಕಡಿಮೆ. ಭಾರತದ ಸ್ವಂತ ಉಪಗ್ರಹ ವ್ಯವಸ್ಥೆ ನಾವಿಕ್ ಇಲ್ಲಿ ನೆರವಾಗಬಲ್ಲದು. ಅದನ್ನು ನೋಡಿಕೊಳ್ಳುವ ಇಸ್ರೋದ ಪಥದರ್ಶನ ಕೇಂದ್ರ 2013ರ ಮೇ 28ರಂದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಆರಂಭವಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹ, ಸಾಮಾನ್ಯ ಫೋನು ಗಡಿಯಾರಗಳಲ್ಲಿಯೂ ಬಳಸಬಹುದಾದ ಎಲ್-1 ತರಂಗಾಂತರವನ್ನು ನಾವಿಕ್‌ಗೆ ಸೇರಿಸಿತು.

ಕೊನೆಯ ಹತ್ತು ಮೀಟರಿಗೆ ಕ್ಯಾಮೆರಾ ಕೂಡ ಒದಗುತ್ತಿದೆ. ಡೆನ್ಮಾರ್ಕಿನಲ್ಲಿ ಹುಟ್ಟಿದ, 2015ರಿಂದ ನಡೆಯುತ್ತಿರುವ ಬಿ ಮೈ ಐಸ್ ಆ್ಯಪ್‌ನಲ್ಲಿ ಅಂಧರು ಕ್ಯಾಮೆರಾ ತಿರುಗಿಸಿದರೆ ಎಲ್ಲೋ ಇರುವ ಸ್ವಯಂಸೇವಕರು ನೋಡಿ ಹೇಳುತ್ತಾರೆ. 2023ರಿಂದ ಕೃತಕ ಬುದ್ಧಿಮತ್ತೆಯೂ ಚಿತ್ರ ನೋಡಿ ವಿವರಿಸುತ್ತದೆ. ಬೋರ್ಡು ಓದಲು, ಬಾಗಿಲು ಹುಡುಕಲು ಇದು ಉಪಯುಕ್ತ. ರಸ್ತೆ ದಾಟಲು ಇದನ್ನು ನಂಬಬಾರದು. ಕಟ್ಟಡದ ಒಳಗೆ ಉಪಗ್ರಹ ಸಂಕೇತ ಸಿಗದು. ಅಲ್ಲಿಗೆ ಬ್ಲೂಟೂತ್ ಸಂಕೇತ ಬೀರುವ ಬೀಕನ್‌ಗಳ ಪ್ರಯೋಗಗಳಾದವು. ಲಂಡನ್ನಿನ ಪಿಮ್ಲಿಕೊ ಸುರಂಗ ರೈಲು ನಿಲ್ದಾಣದಲ್ಲಿ ನಡೆದ ವೇಫೈಂಡರ್ (ಸ್ವೀಡನ್ನಿನ ಕಂಪನಿಯಲ್ಲ) ಪ್ರಯೋಗದ ಅನುಭವ 2017ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಎಫ್.921 ಎಂಬ ಶಿಫಾರಸಿಗೆ ಆಧಾರವಾಯಿತು. ಐಬಿಎಂನ ಅಂಧ ವಿಜ್ಞಾನಿ, ಜಪಾನಿನ ಚಿಯೆಕೊ ಅಸಕಾವಾ ಅವರ ನ್ಯಾವ್‌ಕಾಗ್ ಆ್ಯಪ್ ಇದೇ ಕ್ಷೇತ್ರದ್ದು.

ಸಾಧನ ಎಷ್ಟೇ ಸುಧಾರಿಸಿದರೂ ನಕ್ಷೆಯಲ್ಲಿ ಇಲ್ಲದ್ದನ್ನು ಹೇಳಲಾರದು. ಮುಖ್ಯ ಮಾರುಕಟ್ಟೆಯ ನಕ್ಷೆಗಳು ಹುಟ್ಟಿದ್ದು ಕಾರಿಗಾಗಿ. ಏಕಮುಖ ರಸ್ತೆ, ವೇಗದ ಮಿತಿ ಅವುಗಳಲ್ಲಿ ಅಚ್ಚುಕಟ್ಟಾಗಿ ದಾಖಲಾಗಿರುತ್ತವೆ. ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ, ಜೀಬ್ರಾ ಪಟ್ಟೆ ಎಲ್ಲಿದೆ, ಆಸ್ಪತ್ರೆಯ ಗೇಟು ಯಾವ ಬದಿಗಿದೆ ಎಂಬುದು ಅಪರೂಪ. 2004ರಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಂಥ ವಿವರಗಳಿಗೆ ಜಾಗವಿದೆ: ಫುಟ್‌ಪಾತು, ದಾಟುವ ಜಾಗ, ಸದ್ದು ಮಾಡುವ ಸಿಗ್ನಲ್, ಕಾಲಿಗೆ ತಿಳಿಯುವ ಉಬ್ಬು ಹಾಸು, ಕಟ್ಟಡದ ಬಾಗಿಲು. ಯಾರು ಬೇಕಾದರೂ ತುಂಬಬಹುದು. ಬ್ಲೈಂಡ್‌ಸ್ಕ್ವೇರ್, ಸೌಂಡ್‌ಸ್ಕೇಪ್ ಎರಡೂ ಇದರ ಮಾಹಿತಿಯನ್ನು ಬಳಸಿದ್ದು ಆಕಸ್ಮಿಕವಲ್ಲ.

ಭಾರತ ಮತ್ತು ಕರ್ನಾಟಕ

ನಮ್ಮ ಊರುಗಳಲ್ಲಿ ಜನ ದಾರಿ ಹೇಳುವುದು ಹೆಗ್ಗುರುತಿನಿಂದ. ಗಣಪತಿ ದೇವಸ್ಥಾನ ದಾಟಿ, ಪೆಟ್ರೋಲ್ ಬಂಕಿನ ಎದುರು, ಹಿಟ್ಟಿನ ಗಿರಣಿ ಪಕ್ಕದ ಸಂದಿ. ಅಂಧರಿಗೂ ಈ ರೀತಿ ಹೊಂದುತ್ತದೆ, ಏಕೆಂದರೆ ಬಂಕಿಗೆ ವಾಸನೆ ಇದೆ, ಗಿರಣಿಗೆ ಸದ್ದಿದೆ, ಕಾಫಿಪುಡಿ ಅಂಗಡಿ ಹತ್ತು ಮಾರು ದೂರದಿಂದಲೇ ತಿಳಿಯುತ್ತದೆ. ಗೂಗಲ್ ಮ್ಯಾಪ್ಸ್ ಭಾರತದಲ್ಲಿ ಹೆಗ್ಗುರುತು ಸೇರಿಸಿ ದಾರಿ ಹೇಳುವುದನ್ನು ಅಳವಡಿಸಿಕೊಂಡಿತು. ಮೂಗು ಕಿವಿಗಳಿಗೆ ಸಿಗುವ ಹೆಗ್ಗುರುತುಗಳನ್ನು ಆರಿಸಿ ಹೇಳುವ ಪಥದರ್ಶಕವನ್ನು ರೂಪಿಸುವುದು ಇಲ್ಲಿನ ಎಂಜಿನಿಯರುಗಳು ಕೈಗೆತ್ತಿಕೊಳ್ಳಬೇಕಾದ ಕೆಲಸ.

ಬೆಂಗಳೂರಿನ ಮೇನ್ ಮತ್ತು ಕ್ರಾಸ್‌ಗಳ ಲೆಕ್ಕ ಒಂದು ಬಡಾವಣೆಯೊಳಗೆ ಸಲೀಸು. ಬಡಾವಣೆ ಬದಲಾದರೆ ಅದೇ ಅಂಕಿ ಮತ್ತೆ ಮೊದಲಾಗುತ್ತದೆ, ಹಾಗಾಗಿ ಸಾಧನ ಅಂಕಿಯ ಜೊತೆ ಬಡಾವಣೆಯ ಹೆಸರನ್ನೂ ಹೇಳಬೇಕು. ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ತೆರೆದ ಚರಂಡಿ, ನಿಲ್ಲಿಸಿದ ಬೈಕು ಇರುವಲ್ಲಿ ಅಂಧರು ರಸ್ತೆಗಿಳಿದೇ ನಡೆಯಬೇಕಾಗುತ್ತದೆ. ಇದನ್ನು ಯಾವ ಉಪಗ್ರಹವೂ ಸರಿಪಡಿಸದು.

ಭಾಷೆಯ ಮಟ್ಟಿಗೆ ಸ್ಥಿತಿ ಸುಧಾರಿಸಿದೆ. ಇಸ್ಪೀಕ್ ಎಂಬ ಮುಕ್ತ ಧ್ವನಿ ತಂತ್ರಾಂಶ, ಗೂಗಲ್‌ನ ಧ್ವನಿ ಎರಡೂ ಕನ್ನಡ ಓದುತ್ತವೆ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ತಿರುವು ಹೇಳುತ್ತದೆ. ಊರು ಬೀದಿಗಳ ಹೆಸರು ನಕ್ಷೆಯಲ್ಲಿ ಇಂಗ್ಲಿಷ್ ಲಿಪಿಯಲ್ಲಷ್ಟೇ ಇದ್ದಾಗ ಉಚ್ಚಾರ ಕೆಡುತ್ತದೆ. ಹೆಸರನ್ನು ಕನ್ನಡದಲ್ಲಿಯೂ ತುಂಬಿದರೆ ಕಿವಿಗೆ ಸರಿಯಾಗಿ ಬೀಳುತ್ತದೆ.

ಇಲ್ಲಿನದೇ ಆವಿಷ್ಕಾರಗಳೂ ಇವೆ. ದೆಹಲಿಯ ಐಐಟಿಯಲ್ಲಿ ಪ್ರೊ. ಎಂ. ಬಾಲಕೃಷ್ಣನ್ ಅವರ ತಂಡ ರೂಪಿಸಿದ ಸ್ಮಾರ್ಟ್‌ಕೇನ್ 2014ರಲ್ಲಿ ಬಿಡುಗಡೆಯಾಯಿತು. ಕೋಲಿಗೆ ಸಿಕ್ಕಿಸುವ ಈ ಸಾಧನ ಶ್ರವಣಾತೀತ ಶಬ್ದದಿಂದ ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿಯನ್ನು ಗುರುತಿಸಿ ಕಂಪಿಸುತ್ತದೆ. ಅದೇ ತಂಡದ ಆನ್‌ಬೋರ್ಡ್ ಸಾಧನ, ನಿಲ್ದಾಣದಲ್ಲಿ ನಿಂತವರಿಗೆ ಬಂದ ಬಸ್ಸಿನ ಸಂಖ್ಯೆ ಹೇಳಿ ಬಾಗಿಲಿನತ್ತ ಕರೆಯುತ್ತದೆ. ಬೆಂಗಳೂರಿನಲ್ಲಿ 1990ರಿಂದಿರುವ ಮಿತ್ರ ಜ್ಯೋತಿ, 1999ರಿಂದಿರುವ ಎನೇಬಲ್ ಇಂಡಿಯಾದಂಥ ಸಂಸ್ಥೆಗಳ ತರಬೇತಿ ಇಲ್ಲದಿದ್ದರೆ ಫೋನಿದ್ದೂ ಅದರ ಮಾತು ಕೇಳಲು ಬಾರದವರ ಸಂಖ್ಯೆ ಇನ್ನೂ ಹೆಚ್ಚಿರುತ್ತಿತ್ತು.

ಕಾನೂನು ತಡವಾಗಿಯಾದರೂ ಬಂದಿದೆ. 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಸ್ವತಂತ್ರ ಸಂಚಾರದ ಬಗ್ಗೆಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅಡಿ ಐಎಸ್ 17802 ಎಂಬ ಮಾನಕ ತಂತ್ರಾಂಶ, ಯಂತ್ರಾಂಶಗಳು ಹೇಗಿರಬೇಕೆಂದು ಹೇಳುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ನಿಯಮಗಳು ಬರಿಯ ಮಾರ್ಗಸೂಚಿಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪು ಡಿಜಿಟಲ್ ಸೇವೆ ಪಡೆಯುವ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಯುರೋಪಿನ ಸುಗಮ್ಯತಾ ಕಾಯ್ದೆ 2025ರ ಜೂನ್ 28ರಿಂದ ಸ್ಮಾರ್ಟ್‌ಫೋನ್, ಟಿಕೆಟ್ ಯಂತ್ರ, ಪ್ರಯಾಣಿಕರ ಆ್ಯಪ್‌ಗಳಿಗೆ ಅನ್ವಯವಾಗುತ್ತಿದೆ.

ಕಾನೂನು ಕಾಯದೆ ಇಂದೇ ಮಾಡಬಹುದಾದ್ದೂ ಇದೆ. ಓದುಗರು ತಮ್ಮ ಅಂಗಡಿಯನ್ನೋ ಕಚೇರಿಯನ್ನೋ ನಕ್ಷೆಯಲ್ಲಿ ಗುರುತಿಸುವಾಗ ಚುಕ್ಕೆಯನ್ನು ಕಟ್ಟಡದ ನಡುವೆ ಇಡದೆ ಬಾಗಿಲ ಮುಂದೆ ಇಡಲಿ, ಹೆಸರನ್ನು ಕನ್ನಡದಲ್ಲೂ ಬರೆಯಲಿ. ಬೀದಿಯ ಫುಟ್‌ಪಾತ್, ದಾಟುವ ಜಾಗ, ಬಸ್ ಸ್ಟಾಪುಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಲಿ. ಅದಕ್ಕೆ ಬೇಕಾದ್ದು ಒಂದು ಫೋನು, ಒಂದು ಉಚಿತ ಖಾತೆ.